ಬಾಯಿ ಬಿಡದ ಅಜ್ಜಿ

ಜಿಯೆನ್ ಬಿಯುನ್ ತನ್ನ ಆಯುಷ್ಯದ ಬಹುಪಾಲು ಬರೆದದ್ದು ಬಾಯಿಗಳನ್ನು. ಕರಡಿಯ ಬಾಯಿ, ಬೆಕ್ಕಿನ ಬಾಯಿ, ಆಕಾಶದಿಂದ ಹಾರಿ ಬರುವ ವೀರನ ಬಾಯಿ, ಅವನು ಎಷ್ಟು ಹೊತ್ತಿಗೆ ಬರುತ್ತಾನೋ ಎಂದು ಕಿಟಕಿಯಲ್ಲಿ ಕಾಯುವ ಹುಡುಗಿಯ ಬಾಯಿ. ಆ ಬಾಯಿಗಳು ಏನು ಹೇಳುತ್ತಿದ್ದವು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಅಮೆರಿಕದಿಂದ ಬರುತ್ತಿದ್ದ ಹಾಳೆಗಳಲ್ಲಿ ಒಂದೊಂದು ಚಿತ್ರಕ್ಕೂ ಒಂದೊಂದು ಗುರುತು ಹಾಕಿರುತ್ತಿದ್ದರು. ಈ ಗುರುತು ಇದ್ದರೆ ತುಟಿ ಮುಚ್ಚಿರಬೇಕು, ಆ ಗುರುತು ಇದ್ದರೆ ಮೇಲಿನ ಹಲ್ಲು ಕಾಣಬೇಕು, ಇನ್ನೊಂದು ಇದ್ದರೆ ದವಡೆ ಕುತ್ತಿಗೆಗೆ ಬಂದು ಬೀಳಬೇಕು. ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಲು ಬಾರದ ಹೆಂಗಸು, ಇಂಗ್ಲಿಷ್ ಮಾತಾಡುವ ಬಾಯನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲವಳಾಗಿದ್ದಳು. ಇದನ್ನು ವಿದ್ಯೆ ಎನ್ನಬೇಕೋ ಹಣೆಬರಹ ಎನ್ನಬೇಕೋ ನೀವೇ ಹೇಳಿ.

ತೈಪೆಯ ಅಂಚಿನ ಶಿನ್‌ತ್ಯೆನ್‌ನಲ್ಲಿ, ಹೊಳೆಯ ದಂಡೆಯ ದೊಡ್ಡ ಕಟ್ಟಡವೊಂದರಲ್ಲಿ ಈ ಕೆಲಸ ನಡೆಯುತ್ತಿತ್ತು. ಮಹಡಿ ಮಹಡಿಗೂ ಸಾಲು ಮೇಜು, ಮೇಜಿನ ಗಾಜಿನ ಕೆಳಗೆ ದೀಪ, ಆ ಬೆಳಕಿನ ಮೇಲೆ ಬಗ್ಗಿದ ಹುಡುಗಿಯರ ತಲೆ. ದಕ್ಷಿಣದ ಹಳ್ಳಿಗಳಿಂದ ಬಂದವರೇ ಹೆಚ್ಚು. ಎಷ್ಟೋ ದೇಶಗಳ ಮಕ್ಕಳು ಬೆಳಿಗ್ಗೆ ಹಲ್ಲು ಕೂಡ ಉಜ್ಜದೆ ಕೂತು ನೋಡುತ್ತಿದ್ದ ಕಾರ್ಟೂನುಗಳು ಈ ಹುಡುಗಿಯರ ಕೈಯಿಂದ ಹೊರಟದ್ದು. ಕಥೆ ಅಲ್ಲಿಯವರದು, ಹೆಸರು ಅಲ್ಲಿಯವರದು, ಲಾಭವೂ ಅಲ್ಲಿಯವರದೇ. ಬೆನ್ನುನೋವು ಮಾತ್ರ ಇಲ್ಲಿಯವರದು. ಆದರೂ ಆ ಕಾಲವನ್ನು ನೆನೆದರೆ ಬಿಯುನ್‌ಗೆ ಸಿಟ್ಟು ಬರುತ್ತಿರಲಿಲ್ಲ. ಕೈತುಂಬ ಕೆಲಸವಿತ್ತು, ಊಟದ ಡಬ್ಬಿಯಲ್ಲಿ ಮಾಂಸದ ತುಂಡು ಇರುತ್ತಿತ್ತು, ಪಕ್ಕದ ಮೇಜಿನಲ್ಲಿ ಹರಟೆಗೆ ಜನ ಇದ್ದರು. ಮದುವೆಯ ಗೊಡವೆಗೆ ಅವಳು ಹೋಗಲಿಲ್ಲ. ಹೋಗಲು ಪುರುಸೊತ್ತೂ ಸಿಗಲಿಲ್ಲ ಅನ್ನಿ.

ಈ ಕೆಲಸವನ್ನು ಒಪ್ಪದವಳು ಒಬ್ಬಳೇ, ಅವಳ ತಾಯಿ ಬೊಂಗ್‌ಯೋ. ಹೆಣ್ಣಾದರೂ ಹೇಗೋ ಸಾಕಿಕೊಳ್ಳೋಣ ಎಂಬ ಅರ್ಥದ ಹೆಸರು ಅದು. ಆ ಕಾಲದಲ್ಲಿ ಬೇಡದೆ ಹುಟ್ಟಿದ ಹೆಣ್ಣುಮಕ್ಕಳಿಗೆ ಇಡುತ್ತಿದ್ದದ್ದು. ಬುದಾಯ್ ಕಡಲತೀರದ ಉಪ್ಪಿನ ಗದ್ದೆಗಳಲ್ಲಿ ಉಪ್ಪು ಎಳೆದು, ಹೊತ್ತು, ಮಕ್ಕಳನ್ನು ಬೆಳೆಸಿದವಳು. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಶಿನ್‌ತ್ಯೆನ್‌ನ ಫ್ಲ್ಯಾಟಿಗೆ ಬಂದಳು. ಅವಳಿಗೆ ಬರುತ್ತಿದ್ದದ್ದು ತೈವಾನೀ ಮಾತು ಒಂದೇ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅಲ್ಲಿ ಕಲಿಸುವ ಮ್ಯಾಂಡರಿನ್ ಅವಳ ಕಿವಿಗೆ ಹೊರಗೆ ಸುರಿಯುವ ಮಳೆಯ ಸದ್ದು. ಟೀವಿ ವಾರ್ತೆಯಲ್ಲಿ ಯಾವುದಾದರೂ ಹಳ್ಳಿಯ ಮುದುಕಿ ಮಾತಾಡುವುದನ್ನು ತೋರಿಸುವಾಗ ಮೇಲೆ ವರದಿಗಾರನ ಮ್ಯಾಂಡರಿನ್ ಜೋರಾಗಿ ಓಡುತ್ತಿರುತ್ತದೆ, ಅಡಿಯಲ್ಲಿ ಆ ಮುದುಕಿಯ ದನಿ ಸಣ್ಣಗೆ ಇರುತ್ತದೆ. ಬೊಂಗ್‌ಯೋ ಟೀವಿಗೆ ಕಿವಿಯಾನಿಸಿ ಆ ಅಡಿಯ ದನಿಯನ್ನು ಹೆಕ್ಕಿ ತೆಗೆಯುತ್ತಿದ್ದಳು.

ಮಗಳು ಬರೆದ ಕಾರ್ಟೂನು ಟೀವಿಯಲ್ಲಿ ಬಂದಾಗ ಒಮ್ಮೆ ನೋಡಿ ಹೇಳಿದ್ದಳು, "ಆಹುನ್, ಇಷ್ಟು ಜನರ ಬಾಯಿ ಬರೀತೀಯ. ಒಬ್ರಾದ್ರೂ ನನ್ ಜೊತೆ ಮಾತಾಡ್ತಾರ?" ಬಿಯುನ್‌ಳನ್ನು ಆಹುನ್ ಎಂದು ಕರೆಯಲು ಲೋಕದಲ್ಲಿ ಉಳಿದಿದ್ದವಳು ಅವಳೊಬ್ಬಳೇ.

"ಅವರು ಅಮೆರಿಕದೋರು ಕಣವ್ವ."

"ಅಮೆರಿಕದೋರ ಬಾಯಿ ಬರಿಯೋಕೆ ಅಮೆರಿಕದಲ್ಲಿ ಯಾರೂ ಇಲ್ವಾ?"

ಆ ಪ್ರಶ್ನೆಗೆ ಆಮೇಲೆ ಕಾಲವೇ ಉತ್ತರ ಕೊಟ್ಟಿತು. ಇಲ್ಲಿಗಿಂತ ಅಗ್ಗದ ಕೈಗಳು ಜಲಸಂಧಿಯಾಚೆಯ ದೊಡ್ಡ ನಾಡಿನಲ್ಲಿ ಸಿಕ್ಕವು. ಸ್ಟುಡಿಯೋದ ಯಜಮಾನ ಕೆಲಸವನ್ನು ಅಲ್ಲಿಗೆ ಸಾಗಿಸಿದ. ಅಲ್ಲಿಯ ಹುಡುಗಿಯರಿಗೆ ಬಾಯಿ ಬರೆಯುವುದನ್ನು ಕಲಿಸಿ ಬಾ ಎಂದು ಬಿಯುನ್‌ಳನ್ನೇ ಕಳಿಸಿದ. ಅವಳು ಹೋಗಿ ಕಲಿಸಿದಳು. ಚೆನ್ನಾಗಿಯೇ ಕಲಿಸಿದಳು. ತಿರುಗಿ ಬರುವಷ್ಟರಲ್ಲಿ ಹೊಳೆದಂಡೆಯ ಕಟ್ಟಡದ ದೀಪಗಳು ಆರಿದ್ದವು. ಅಟ್ಟ ಹತ್ತಿದ ಮೇಲೆ ಏಣಿ ಒದ್ದರು ಅಂತಾರಲ್ಲ, ಇಲ್ಲಿ ಏಣಿಯನ್ನು ಹೊತ್ತು ತಂದುಕೊಟ್ಟವಳನ್ನೇ ಒದ್ದಿದ್ದರು.

ಹೊಟ್ಟೆ ಕೇಳುತ್ತದೆಯೇ? ಬಿಯುನ್ ಮೆಟ್ರೋ ನಿಲ್ದಾಣದ ಹತ್ತಿರ ಬೆಳಗಿನ ತಿಂಡಿ ಅಂಗಡಿ ಇಟ್ಟಳು. ಮೊಟ್ಟೆ ಸುರುಳಿ, ಮೂಲಂಗಿ ಕಡುಬಿನ ತುಂಡು, ಸೋಯಾ ಹಾಲು. ಕಾಯುವವರ ಪೊಟ್ಟಣದ ಮೇಲೆ ಹೆಸರು ಬರೆಯುವ ಬದಲು ಅವರವರ ಮುಖವನ್ನು ನಾಲ್ಕು ಗೆರೆಯಲ್ಲಿ ಎಳೆದುಬಿಡುತ್ತಿದ್ದಳು. ಹಾಗೆ ತನ್ನ ಮುಖವನ್ನು ಪೊಟ್ಟಣದ ಮೇಲೆ ಕಂಡು ಬೆಚ್ಚಿದವನು ತೂ ಕುನ್‌ಹಾನ್. ಸ್ಕೂಟರ್ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ ಸಣ್ಣದೊಂದು ಅನಿಮೇಷನ್ ಸ್ಟುಡಿಯೋ ನಡೆಸುತ್ತಿದ್ದ ನಡುವಯಸ್ಸಿನ ಗಂಡಸು, ತಲೆಯಲ್ಲಿ ಕೂದಲಿಗಿಂತ ಕನಸು ಜಾಸ್ತಿ.

"ಅಕ್ಕಾ, ನೀವು ಹಿಂದೆ ಎಲ್ಲಿ ಕೆಲಸ ಮಾಡ್ತಿದ್ರಿ?"

ಅವಳು ಹೇಳಿದಳು. ಅವನು ಮೊಟ್ಟೆ ಸುರುಳಿ ತಿನ್ನುವುದನ್ನೇ ಮರೆತ.

"ಊರು?"

"ಬುದಾಯ್. ಉಪ್ಪಿನ ಗದ್ದೆ ಕಡೆ. ಯಾಕೆ, ಹೆಣ್ಣು ನೋಡೋಕೆ ಬಂದಿದೀಯಾ? ವಯಸ್ಸು ಮೀರಿದೆ ಕಣಪ್ಪ."

ಅವನು ನಗಲಿಲ್ಲ. ಅವನು ಬರೆಯುತ್ತಿದ್ದ ಸಿನಿಮಾ ಉಪ್ಪಿನ ಗದ್ದೆಯದೇ. ಒಬ್ಬ ಅಜ್ಜಿ, ಒಬ್ಬ ಮೊಮ್ಮಗ, ಮುಚ್ಚಿ ಹೋಗುತ್ತಿರುವ ಗದ್ದೆಗಳು. ಇಡೀ ಸಿನಿಮಾ ತೈವಾನೀ ಮಾತಿನಲ್ಲಿ. ಸರ್ಕಾರ ಅರ್ಧದಷ್ಟು ಸಹಾಯಧನ ಕೊಟ್ಟಿತ್ತು, ಉಳಿದರ್ಧ ಎಲ್ಲಿಂದ ಎಂದು ಭೂದೇವರಿಗೇ ಗೊತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಕೆಳಗಿನ ಸ್ಕೂಟರ್ ಅಂಗಡಿಯವನೇ ಆಡಿಕೊಳ್ಳುತ್ತಿದ್ದ. ಇಷ್ಟು ಚಿಕ್ಕ ದೇಶದಲ್ಲಿ ನೋಡುವ ಜನವೇ ಕಡಿಮೆ. ಅವರೂ ಜಪಾನಿನದ್ದು, ಅಮೆರಿಕದ್ದು ನೋಡಿ ಬೆಳೆದವರು. ಚಿತ್ರಕ್ಕೆ ಚಿತ್ರ ಜೋಡಿಸಿ ಸಿನಿಮಾ ಮಾಡುವ ಹೊತ್ತಿಗೆ ನಾಲ್ಕು ಸಲ ಕಟ್ಟಡ ಕಟ್ಟಿ ಮಾರಬಹುದು ಎಂಬುದು ಹಣವಂತರ ಲೆಕ್ಕ.

"ಅಜ್ಜಿ ಪಾತ್ರ ನೀವೇ ಬರೀಬೇಕು ಅಕ್ಕ," ಎಂದ ಕುನ್‌ಹಾನ್. "ದನಿ ಕೊಡೋಕೆ ಗ್ಯೋಕ್‌ಲಾನ್ ಒಪ್ಪಿದಾರೆ. ಅದೇ ರೇಡಿಯೋದಲ್ಲಿ ಔಷಧಿ ಮಾರೋರು."

ಬಿಯುನ್ ಅಂಗಡಿಯನ್ನು ಪಕ್ಕದವಳಿಗೆ ವಹಿಸಿದ್ದು ಸಿನಿಮಾದ ಆಸೆಗಲ್ಲ, ಈ ಕೊನೆಯ ಮಾತಿಗೆ. ಗ್ಯೋಕ್‌ಲಾನ್ ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಮಂಡಿನೋವಿನ ಮಾತ್ರೆ, ಸೊಂಟದ ಎಣ್ಣೆ ಮಾರುತ್ತ, ನಡುನಡುವೆ ಹಾಡು, ಸೊಸೆಯಂದಿರ ಚಾಡಿ, ಮಳೆ ಬೆಳೆ ಎಲ್ಲ ಹರಟುವವಳು. ಬೊಂಗ್‌ಯೋಳ ಪಾಲಿಗೆ ಆ ದನಿಯೇ ನೆಂಟರು, ನೆರೆಹೊರೆ. ವಿಷಯ ಕೇಳಿದ ತಾಯಿ ಕೈಲಿದ್ದ ಗೆಣಸಿನ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು.

"ಸೊಂಟದ ಎಣ್ಣೆ ಗ್ಯೋಕ್‌ಲಾನಾ? ನೀನು ಬರೆಯೋ ಮುದುಕಿ ಬಾಯಲ್ಲಿ ಅವ್ಳು ಮಾತಾಡ್ತಾಳ? ನಂಗೆ ತಿಳಿಯೋ ಮಾತಲ್ಲಿ?"

"ಹೂಂ ಅವ್ವ. ನಿನ್ನ ಮುಂದಿನ ಸಾಲಲ್ಲಿ ಕೂರಿಸಿ ತೋರಿಸ್ತೀನಿ."

"ಬೇಗ ಬರಿ ಹಾಗಾದ್ರೆ. ನಾನೇನು ಗೂಟ ಹೊಡ್ಕೊಂಡು ಕೂತಿರ್ತೀನಾ?" ಎಂದಳು ತಾಯಿ. ಮರುದಿನವೇ ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂರುವ ಮುದುಕಿಯರಿಗೆಲ್ಲ ಸುದ್ದಿ ಮುಟ್ಟಿತ್ತು.

ಕೆಲಸ ಶುರುವಾದ ದಿನ ಸ್ಟುಡಿಯೋದ ಬಾಗಿಲಲ್ಲಿ ಮೇಜಿಟ್ಟು, ಹಣ್ಣಿಟ್ಟು, ಎಲ್ಲರೂ ಊದುಬತ್ತಿ ಹಿಡಿದು ಕೈಮುಗಿದರು. ಕಂಪ್ಯೂಟರುಗಳ ತಲೆಯ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ ಇಟ್ಟರು, ಯಂತ್ರಗಳು ಹೇಳಿದ ಮಾತು ಕೇಳಲಿ ಎಂದು. ಹಸಿರೇ ಆಗಬೇಕು, ಬೇರೆ ಬಣ್ಣದ್ದಾದರೆ ಯಂತ್ರ ಮುನಿಯುತ್ತದೆ. ಮನುಷ್ಯರು ಮುನಿದರೆ ಏನು ಇಡಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಬಿಯುನ್‌ಗೆ ಕೊಟ್ಟ ಮೊದಲ ದೃಶ್ಯ ಇಷ್ಟೆ: ಮೊಮ್ಮಗ ಉಪ್ಪಿನ ಬದುವಿನ ಮೇಲೆ ಓಡಿ ಬರುತ್ತಾನೆ. ಅಜ್ಜಿ ತಲೆಯೆತ್ತಿ ಕೇಳುತ್ತಾಳೆ, "ಉಂಡ್ಯಾ?" ಅಲ್ಲಿಯ ಜನ ಎದುರು ಸಿಕ್ಕವರನ್ನೆಲ್ಲ ಮೊದಲು ಕೇಳುವ ಮಾತೇ ಅದು. ಸಿಟ್ಟಿದ್ದರೂ ಅದೇ, ಮುದ್ದಿದ್ದರೂ ಅದೇ. ಬಿಯುನ್ ಬರೆದಳು. ಚಿತ್ರಗಳನ್ನು ಜೋಡಿಸಿ ಪರದೆಯ ಮೇಲೆ ಓಡಿಸಿದರು. ಆಮೇಲೆ ಬಣ್ಣ ಹಾಕುವ ಹುಡುಗಿ ಪೆಯ್‌ಶಾನ್ ತಡೆಯಲಾರದೆ ಕಿಸಕ್ಕನೆ ನಕ್ಕಳು.

"ಅಕ್ಕ, ಬೇಜಾರಾಗಬೇಡಿ. ಈ ಅಜ್ಜಿ ಈಗ ತಾನೇ ನ್ಯೂಯಾರ್ಕಿಂದ ಇಳಿದ ಹಾಗಿದಾಳೆ."

ಬಿಯುನ್ ನೋಡಿದಳು. ನಿಜ. ಅಜ್ಜಿ ಹುಬ್ಬು ಹಾರಿಸಿದಳು, ಭುಜ ಕುಣಿಸಿದಳು, ಅಂಗೈ ಮೇಲೆ ಮಾಡಿ ಬೆರಳಿನಿಂದ ಮಗುವನ್ನು ಕರೆದಳು. ನಾಯಿಯನ್ನೂ ಅಲ್ಲಿ ಹಾಗೆ ಕರೆಯುವುದಿಲ್ಲ. ಬಾಯಿ ಅಗಲಕ್ಕೆ ತೆರೆದು ಸಾಲು ಹಲ್ಲು ತೋರಿಸಿ ಕೇಳಿದಳು. ಉಪ್ಪಿನ ಗದ್ದೆಯ ಮುದುಕಿಗೆ ಅಷ್ಟೊಂದು ಹಲ್ಲು ಎಲ್ಲಿಂದ ಬರಬೇಕು? ಬಿಯುನ್‌ಗೆ ನಾಚಿಕೆಯಾಯಿತು. ಪರಕೀಯರ ಮುಂದೆ ಆಗುವ ನಾಚಿಕೆಯಲ್ಲ ಇದು, ಹೆತ್ತ ತಾಯಿಯ ಗುರುತು ಸಿಗದೆ ಬೀದಿಯಲ್ಲಿ ದಾಟಿ ಹೋದವಳಿಗೆ ಆಗುವಂಥದ್ದು.

ಮತ್ತೆ ಬರೆದಳು. ಮತ್ತೆ ಅದೇ ಬಾಯಿ ಬಂತು. ಹಲ್ಲು ಅಳಿಸಿದರೆ ದವಡೆ ಇಳಿಯಿತು. ದವಡೆ ಹಿಡಿದರೆ ಹುಬ್ಬು ಹಾರಿತು. ತಲೆಗೆ ಗೊತ್ತಾಗುತ್ತಿತ್ತು, ಕೈಗೆ ಗೊತ್ತಾಗುತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಅವಳದೇ ಮೈಯಲ್ಲಿ ಎರಡು ಪಕ್ಷ ಆಗಿದ್ದವು. ಕುನ್‌ಹಾನ್ "ನಿಧಾನ ಆಗಲಿ ಅಕ್ಕ" ಎಂದು ಚಹಾ ತಂದಿಟ್ಟ. ಬೈದಿದ್ದರೆ ವಾಸಿಯಿತ್ತು.

ಕೊನೆಗೆ ಅವಳು ತಾಯಿಯನ್ನೇ ಕೇಳಿದಳು. "ಅವ್ವ, ಗದ್ದೇಲಿ ನೀವೆಲ್ಲ ಹೇಗೆ ಮಾತಾಡ್ತಿದ್ರಿ?"

"ಬಾಯಲ್ಲಿ."

"ಅದಲ್ಲ ಅವ್ವ. ತೋರಿಸು."

ಬೊಂಗ್‌ಯೋ ಮಗಳ ಮುಖ ನೋಡಿದಳು, ಇವಳಿಗೇನಾದರೂ ಆಗಿದೆಯೇ ಎಂಬಂತೆ. ಆಮೇಲೆ ಎದ್ದು ಹೂವಿನ ಚಿತ್ತಾರದ ಒಂದು ಬಟ್ಟೆ ತಂದು ಕಣ್ಣು ಮಾತ್ರ ಬಿಟ್ಟು ಮುಖಕ್ಕೆಲ್ಲ ಸುತ್ತಿಕೊಂಡಳು. "ಹಿಂಗೆ ಕಟ್ಕಂಡು ಹೋಗ್ತಿದ್ವಿ. ಗಾಳೀಲಿ ಉಪ್ಪಿರ್ತದೆ. ಬಾಯಿ ಬಿಟ್ರೆ ಒಳಕ್ಕೆ ನುಗ್ಗಿ ವಸಡೆಲ್ಲ ಉರೀತದೆ. ಅದಕ್ಕೆ ಯಾರೂ ಬಾಯಿ ಬಿಡ್ತಿರ್ಲಿಲ್ಲ. ಗಂಟ್ಲಲ್ಲೇ ಮಾತು. ಮನೇಗೆ ಬಂದು ಬಟ್ಟೆ ಬಿಚ್ಚಿದ್ ಮೇಲೂ ಅದೇ ರೂಢಿ. ನಿಮ್ಮಪ್ಪ ಸಾಯೋವರ್ಗೂ ನನ್ ಹಲ್ಲು ಎಣಿಸಿರ್ಲಿಲ್ಲ."

ಮಾತಾಡುವಾಗ ಬಟ್ಟೆ ಒಂದಿಷ್ಟೇ ಒಳಹೊರಗೆ ಆಡಿತು. ಗಲ್ಲ ಮೇಲೆದ್ದಿತು, ಕಣ್ಣು ಕಿರಿದಾಯಿತು, ಮಾತಿಗೆ ಮುಂಚೆ ತಲೆ ತುಸು ಪಕ್ಕಕ್ಕೆ ವಾಲಿತು. ಅಷ್ಟೇ. ಬಿಯುನ್ ಅದನ್ನು ಹುಟ್ಟಿದಂದಿನಿಂದ ನೋಡುತ್ತಿದ್ದಳು, ಒಂದು ದಿನವೂ ಕಂಡಿರಲಿಲ್ಲ.

ಮಾರನೆಯ ದಿನ ಚಿತ್ರದ ಅಜ್ಜಿಯ ಮುಖಕ್ಕೂ ಬಟ್ಟೆ ಸುತ್ತಿ, ಅಂದಿನಿಂದ ತಾನೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬರೆಯಲು ಕೂತಳು. "ಅಕ್ಕಂಗೆ ನೆಗಡಿ" ಎಂದು ಪೆಯ್‌ಶಾನ್ ತಮಾಷೆ ಮಾಡಿದಳು. ಬರೆಯುವ ಮೊದಲು ತಾನೇ ಆ ಮಾತನ್ನು ಬಟ್ಟೆಯೊಳಗೆ ಹೇಳಿಕೊಳ್ಳುವುದು, ಗಲ್ಲ ಎಲ್ಲಿಗೆ ಹೋಯಿತೆಂದು ಕನ್ನಡಿಯಲ್ಲಿ ನೋಡುವುದು, ಆಮೇಲೆ ಗೆರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಈ ಮರ ಬಗ್ಗಿತು, ಆದರೆ ನಾರು ನಾರೂ ನೋಯಿಸಿಕೊಂಡು ಬಗ್ಗಿತು.

ಕೈ ಇನ್ನೇನು ಹದಕ್ಕೆ ಬಂತು ಎನ್ನುವಾಗ ಸ್ಟುಡಿಯೋದ ಹಣ ಮುಗಿಯಿತು. ಕುನ್‌ಹಾನ್ ಎಲ್ಲರನ್ನೂ ಕರೆದು ತಲೆ ತಗ್ಗಿಸಿಕೊಂಡು ಹೇಳಿದ, ಹೊರದೇಶದ ಒಂದು ಕೆಲಸ ಸಿಕ್ಕಿದೆ, ಎಳೆ ಮಕ್ಕಳ ಕಾರ್ಟೂನು, ಮಾತಾಡುವ ಲಾರಿಗಳದ್ದು. ಅದು ಮುಗಿಸಿದರೆ ನಮ್ಮದಕ್ಕೆ ಉಸಿರು ಬರುತ್ತದೆ. ನಮ್ಮ ಮಗುವಿಗೆ ಹಾಲು ತರಲು ಪರರ ಮಗುವಿಗೆ ಹಾಲೂಡಲು ಹೋಗುವುದು ಅಲ್ಲಿಯ ಸ್ಟುಡಿಯೋಗಳಿಗೆ ಹೊಸದೇನಲ್ಲ. ಬಿಯುನ್ ಬಟ್ಟೆ ಬಿಚ್ಚಿಟ್ಟು ಲಾರಿಗಳ ಬಾಯಿ ಬರೆಯತೊಡಗಿದಳು. ಅಗಲ ಬಾಯಿ, ಸಾಲು ಹಲ್ಲು. ಲಾರಿಗೂ ಹಲ್ಲು! ಕೈ ಹಳೆಯ ಮನೆಗೆ ಮರಳಿದ ಬೆಕ್ಕಿನಂತೆ ಅಲ್ಲಿ ಸುಖವಾಗಿ ಓಡಾಡಿತು, ಅದನ್ನು ಕಂಡು ಅವಳಿಗೆ ಅಳು ಬಂತು.

ಲಾರಿಗಳು ಮುಗಿಯುವ ಹೊತ್ತಿಗೆ ಅರ್ಧ ಜನ ಬಿಟ್ಟುಹೋಗಿದ್ದರು. ಪೆಯ್‌ಶಾನ್ ಮೊಬೈಲ್ ಆಟ ಮಾಡುವ ಕಂಪನಿ ಸೇರಿದಳು. ಹೋಗುವ ದಿನ ಬಿಯುನ್‌ಳನ್ನು ತಬ್ಬಿಕೊಂಡು, "ಅಕ್ಕ, ಅಲ್ಲಿ ಬರೀ ಕತ್ತಿ ಬರೀಬೇಕು, ಅಜ್ಜಿ ಇಲ್ಲ" ಎಂದಳು. ಅವಳನ್ನು ಬೈಯುವಂತಿರಲಿಲ್ಲ, ಅವಳಿಗೂ ಬಾಡಿಗೆ ಕಟ್ಟಬೇಕು. ಕುನ್‌ಹಾನ್ ಸೊರಗಿ ಕಡ್ಡಿಯಾದ. ಬೊಂಗ್‌ಯೋ ಬಚ್ಚಲಲ್ಲಿ ಜಾರಿ ಬಿದ್ದು ಕೋಲು ಹಿಡಿದಳು. "ನಿಮ್ಮ ಸಿನಿಮಾ ಮುಗಿಯೋದ್ರೊಳಗೆ ಗ್ಯೋಕ್‌ಲಾನೂ ಹೋಗ್ತಾಳೆ, ನಾನೂ ಹೋಗ್ತೀನಿ. ಆಮೇಲೆ ಉಪ್ಪು ನೋಡ್ಕೊಂಡು ಕೂತಿರಿ" ಎನ್ನುತ್ತಿದ್ದಳು.

ಕೈಯನ್ನು ಮತ್ತೆ ಹದಕ್ಕೆ ತಂದು ಆ ಮೊದಲ ದೃಶ್ಯ ಮುಗಿಸಿದಾಗ ಬಿಯುನ್ ಅದನ್ನು ಫೋನಿನಲ್ಲಿ ಹಾಕಿಸಿಕೊಂಡು ಮನೆಗೆ ತಂದಳು. ಬರೀ ಪೆನ್ಸಿಲ್ ಗೆರೆ, ಬಣ್ಣವಿಲ್ಲ, ದನಿಯನ್ನು ಇನ್ನೂ ಸೇರಿಸಿರಲಿಲ್ಲ. ತಾಯಿ ಫೋನನ್ನು ದೂರ ಹಿಡಿದು ನೋಡಿದಳು. ಅಜ್ಜಿಯ ಮುಖದ ಬಟ್ಟೆ ಒಮ್ಮೆ ಆಡಿತು, ಗಲ್ಲ ಒಂದಿಷ್ಟು ಎದ್ದಿತು.

"ಉಂಡ್ಯಾ ಅಂತಾವ್ಳೆ," ಎಂದಳು ಬೊಂಗ್‌ಯೋ.

"ದನಿನೇ ಇಲ್ವಲ್ಲ ಅವ್ವ, ಹೇಗೆ ಗೊತ್ತಾಯ್ತು?"

"ಇನ್ನೇನು ಕೇಳ್ತಾಳೆ ಆ ಹೊತ್ನಲ್ಲಿ? ಮುಖ ನೋಡಿದ್ರೆ ತಿಳಿಯಲ್ವಾ?" ತಾಯಿ ಇನ್ನೊಮ್ಮೆ ಹಾಕಿಸಿಕೊಂಡು ನೋಡಿದಳು. "ಇವ್ಳು ನಮ್ ಕಡೆಯೋಳೇ. ಗ್ಯೋಕ್‌ಲಾನ್ ದನಿ ಯಾವಾಗ ಹಾಕ್ತಾರೆ?"

"ಹಾಕ್ತಾರೆ ಅವ್ವ. ಥಿಯೇಟರಲ್ಲಿ ಕೇಳಿಸ್ತದೆ."

ಬಿಯುನ್‌ಳ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿರಲಿಲ್ಲ. ಅಂದು ಅವಳು ಅಡುಗೆ ಮಾಡುತ್ತ ಹಾಡು ಗುನುಗಿದಳು.

ಸಿನಿಮಾ ಮುಗಿಯಿತು. ಗ್ಯೋಕ್‌ಲಾನ್ ಬಂದು ದನಿ ಕೊಟ್ಟು, ಹೋಗುವಾಗ ಎಲ್ಲರಿಗೂ ಒಂದೊಂದು ಬಾಟಲಿ ಸೊಂಟದ ಎಣ್ಣೆ ಹಂಚಿದಳು. ಉಳಿದದ್ದು ವಿತರಕರು. ಎಷ್ಟೋ ಬಾಗಿಲು ತಟ್ಟಿದ ಮೇಲೆ ಒಂದು ಕಂಪನಿ ನೋಡಲು ಒಪ್ಪಿತು. ಅಲ್ಲಿಂದ ಬಂದವಳು ಶ್ರೀಮತಿ ಷೂ. ದರ್ಪದವಳಲ್ಲ, ಮಕ್ಕಳ ತಾಯಿ, ನೋಡುವಾಗ ಎರಡು ಸಲ ಕಣ್ಣೊರೆಸಿಕೊಂಡಳು. ದೀಪ ಹಾಕಿದ ಮೇಲೆ ಹೇಳಿದಳು.

"ತುಂಬಾ ಚೆನ್ನಾಗಿದೆ. ಆದ್ರೆ ತೈವಾನೀಲಿ ಬಿಡೋಕಾಗಲ್ಲ. ನನ್ನ ಮಕ್ಕಳಿಗೇ ಅರ್ಥ ಆಗಲ್ಲ."

"ಅಡಿಬರಹ ಹಾಕೋಣ," ಎಂದ ಕುನ್‌ಹಾನ್.

"ಇನ್ನೂ ಓದೋಕೆ ಬರದ ಮಕ್ಕಳು ನೋಡೋ ಸಿನಿಮಾ ಇದು. ಅಪ್ಪ ಅಮ್ಮ ಕೂತು ಓದಿ ಹೇಳ್ತಾರಾ? ಥಿಯೇಟರಿನವರು ಒಪ್ಪಲ್ಲ. ಮ್ಯಾಂಡರಿನ್ ಡಬ್ಬಿಂಗ್ ಮಾಡಿದ್ರೆ ಪರದೆ ಕೊಡಿಸ್ತೀನಿ, ಇಲ್ಲಾಂದ್ರೆ ನನ್ನ ಕೈಲಾಗಲ್ಲ."

ಕುನ್‌ಹಾನ್ ಕೊನೆಯ ಹುಲ್ಲುಕಡ್ಡಿ ಹಿಡಿದ. "ಮೇಡಂ, ಬಾಯಿ ಎಲ್ಲ ತೈವಾನೀ ಮಾತಿಗೆ ಬರೆದಿರೋದು. ಬೇರೆ ಮಾತು ಹಾಕಿದ್ರೆ ಕೂಡಲ್ಲ. ಮತ್ತೆ ಬರೆಯೋಕೆ ದುಡ್ಡಿಲ್ಲ."

ಶ್ರೀಮತಿ ಷೂ ಹಗುರಾಗಿ ನಕ್ಕಳು. ಸಮಾಧಾನ ಹೇಳುವ ನಗೆ ಅದು. "ಅದೇ ನಿಮ್ಮ ಅದೃಷ್ಟ. ನಿಮ್ಮ ಅಜ್ಜಿ ಬಾಯಿ ಬಿಡೋದೇ ಇಲ್ವಲ್ಲ. ಬಟ್ಟೆ ಬೇರೆ ಕಟ್ಟಿದಾಳೆ. ಅವಳ ಬಾಯಿಗೆ ಏನು ಬೇಕಾದ್ರೂ ಹಾಕಬಹುದು, ಯಾರಿಗೂ ಗೊತ್ತಾಗಲ್ಲ. ಬರೆದವರು ಯಾರೋ ಪುಣ್ಯಾತ್ಮರು."

ಬರೆದವಳು ಮೂಲೆಯಲ್ಲಿ ಕೂತಿದ್ದಳು. ಯಾರೂ ಅವಳ ಕಡೆ ನೋಡಲಿಲ್ಲ. ಕುನ್‌ಹಾನ್ ಬೇಕೆಂದೇ ನೋಡಲಿಲ್ಲ. ಅಗಲ ಬಾಯಿ, ಸಾಲು ಹಲ್ಲಿನ ಆ ಮೊದಲ ಅಜ್ಜಿಯನ್ನೇ ಬಿಟ್ಟಿದ್ದರೆ ಅವಳ ಬಾಯನ್ನು ಹೀಗೆ ಕಸಿಯುವುದು ಇಷ್ಟು ಸುಲಭವಾಗುತ್ತಿರಲಿಲ್ಲ. 

"ಇನ್ನೊಂದು," ಎಂದಳು ಶ್ರೀಮತಿ ಷೂ, "ಆ ಉಂಡ್ಯಾ ಅನ್ನೋ ಕಡೆ ತೀರಾ ಸಪ್ಪೆ. ಅಲ್ಲಿ ಮನಸ್ಸಿಗೆ ತಟ್ಟೋ ಮಾತೊಂದು ಬೇಕು. ಅಜ್ಜಿ ಪ್ರೀತಿ ಮಾಡ್ತೀನಿ ಅಂತ ಹೇಳಲಿ. ತೈವಾನೀದು ಆಮೇಲೆ ಎಲ್ಲಾದ್ರೂ ತೋರಿಸೋಣ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸಿಟ್ಟು ಮಾಡಿಕೊಳ್ಳೋಣವೆಂದರೆ ಆ ಪೂಜಾರಿಯೂ ಪಾಪದವಳೇ. ಎಲ್ಲರೂ ಒಳ್ಳೆಯವರೇ, ಎಲ್ಲರ ಕೈಯೂ ಕಟ್ಟಿದೆ. ಮೆಟ್ಟಿಲ ಮೇಲೆ ಸಿಗರೇಟು ಹಚ್ಚಿ ಕೂತಿದ್ದ ಕುನ್‌ಹಾನ್, "ಅಕ್ಕ, ನನ್ನ ಕೈಲಿ ಏನೂ ಇಲ್ಲ. ಒಪ್ಪದೆ ಇದ್ರೆ ಸಿನಿಮಾ ಪೆಟ್ಟಿಗೇಲೇ ಕೊಳೆಯುತ್ತೆ," ಎಂದ.

"ನಂಗೊತ್ತು ಕಣೋ. ಮಾಡು," ಎಂದಳು ಬಿಯುನ್. ಆಮೇಲೆ ಹೇಳಿದಳು, "ನನ್ನ ಕೈ ಸರಿಹೋಗದೆ ಇದ್ದಿದ್ರೇ ಚೆನ್ನಾಗಿತ್ತು."

ತಾಯಿಗೆ ಅವಳು ಹೇಳಲಿಲ್ಲ. ಹೇಳಬೇಕೆಂದು ಪ್ರತಿದಿನ ಅಂದುಕೊಂಡಳು. ಬೆಳಿಗ್ಗೆ ರೇಡಿಯೋದ ಮುಂದೆ ಕೂತ ತಾಯಿ ಗ್ಯೋಕ್‌ಲಾನ್‌ಳ ಜೊತೆ, "ಬತ್ತೀನಿ ಇರು, ನಿನ್ ಸಿನಿಮಾ ನೋಡೋಕೆ" ಎಂದು ಮಾತಾಡುವುದನ್ನು ಕಂಡು ಬಾಯಿ ಬರುತ್ತಿರಲಿಲ್ಲ. ಥಿಯೇಟರಿಗೆ ಕರೆದೊಯ್ಯದೆ ತಪ್ಪಿಸಿಕೊಳ್ಳಲು ನೋಡಿದಳು, ದೂರ ಇದೆ, ಎಸಿ ಚಳಿ, ಕಾಲು ನೋವು ಎಂದೆಲ್ಲ. ತಾಯಿ ಕೇಳಲಿಲ್ಲ. ಕೂದಲು ಸುರುಳಿ ಮಾಡಿಸಿಕೊಂಡಳು, ನೇರಳೆ ಬಣ್ಣದ ಹೊಸ ರವಿಕೆ ತೊಟ್ಟಳು, ಉದ್ಯಾನದ ಗೆಳತಿಯರಿಗೆ ಹೇಳಿ ಬಂದಳು.

ಅಂಗಡಿ ಸಂಕೀರ್ಣವೊಂದರ ತುದಿ ಮಹಡಿಯಲ್ಲಿ ಬೆಳಗಿನ ಆಟ. ಮಧ್ಯಾಹ್ನ, ಸಂಜೆಯ ಆಟಗಳೆಲ್ಲ ಜಪಾನಿನ ಸಿನಿಮಾಕ್ಕೆ ಹೋಗಿದ್ದವು. ಅದರ ಚಿತ್ರಪಟ ಗೋಡೆಯಷ್ಟಿತ್ತು, ಇವರದ್ದು ಶೌಚಾಲಯದ ದಾರಿಯ ಕಂಬದ ಮೇಲೆ. ಒಳಗೆ ಅಲ್ಲೊಬ್ಬರು ಇಲ್ಲೊಬ್ಬರು ತಾಯಂದಿರು, ಕುರ್ಚಿ ಮೇಲೆ ಕುಣಿಯುವ ಮಕ್ಕಳು. ಬಿಯುನ್ ಮಾತು ಕೊಟ್ಟಂತೆ ತಾಯಿಯನ್ನು ಮುಂದಿನ ಸಾಲಿನಲ್ಲೇ ಕೂರಿಸಿದಳು.

ಉಪ್ಪಿನ ಗದ್ದೆ ಪರದೆ ತುಂಬ ಬೆಳ್ಳಗೆ ಹರಡಿಕೊಂಡಾಗ ಬೊಂಗ್‌ಯೋ ಮಗಳ ಕೈ ಹಿಡಿದುಕೊಂಡಳು. ಮೊಮ್ಮಗ ಬದುವಿನ ಮೇಲೆ ಓಡಿ ಬಂದ. ಅಜ್ಜಿ ತಲೆಯೆತ್ತಿದಳು, ಬಟ್ಟೆ ಒಮ್ಮೆ ಆಡಿತು, ಗಲ್ಲ ಒಂದಿಷ್ಟು ಎದ್ದಿತು. ಸ್ಪೀಕರಿನಿಂದ ಟೀವಿ ನಟಿಯ ಇಂಪಾದ ಮ್ಯಾಂಡರಿನ್ ಹರಿದು ಬಂತು, "ನನ್ನ ಬಂಗಾರ, ಅಜ್ಜಿ ನಿನ್ನನ್ನು ತುಂಬಾ ತುಂಬಾ ಪ್ರೀತಿಸ್ತಾಳೆ."

"ಉಂಡೆ, ಉಂಡೆ," ಎಂದಳು ಬೊಂಗ್‌ಯೋ ಗಟ್ಟಿಯಾಗಿ.

ಹಿಂದಿನ ಸಾಲಿನ ಮಗುವೊಂದು ನಕ್ಕಿತು, ಅದರ ತಾಯಿ ಶ್ ಎಂದಳು. ಬೊಂಗ್‌ಯೋ ಕಾಯ್ದಳು. ಕಿವಿಗೆ ಅಂಗೈ ಆನಿಸಿಕೊಂಡು, ಮುಂದಕ್ಕೆ ಬಾಗಿ, ಆ ಜೋರು ದನಿಯ ಅಡಿಯಲ್ಲಿ ಇರಬೇಕಾದ ಸಣ್ಣ ದನಿಯನ್ನು ಹುಡುಕಿದಳು. ಟೀವಿ ವಾರ್ತೆಯಲ್ಲಿ ಹೆಕ್ಕುವ ಹಾಗೆ. ಅಜ್ಜಿ ಮತ್ತೆ ಮಾತಾಡಿದಳು, ಮತ್ತೆ ಮಾತಾಡಿದಳು. ಬೊಂಗ್‌ಯೋ ಇನ್ನೂ ಮುಂದಕ್ಕೆ ಬಾಗಿದಳು.

"ಆಹುನ್, ಮೇಲೆ ಯಾರೋ ಕಿರುಚ್ತಾವ್ರೆ. ಅವ್ಳ ದನಿ ನಂಗೆ ಸಿಗ್ತಾ ಇಲ್ಲ. ನಿಂಗೆ ಸಿಗ್ತದಾ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಅವಳ ದನಿಯನ್ನು ತೆಗೆದುಬಿಟ್ಟಿದ್ದಾರೆ ಅವ್ವ, ನಾನು ಗೊತ್ತಿದ್ದೂ ನಿನ್ನನ್ನು ಕರೆತಂದೆ ಎಂದು ಹೇಳಬೇಕಿತ್ತು. ಬಿಯುನ್ ಹೇಳಿದ್ದು, "ಹೂಂ, ಸಣ್ಣಗೆ. ಸ್ಪೀಕರ್ ಸರಿ ಇಲ್ಲ ಅವ್ವ."

ಸಿನಿಮಾ ಮುಗಿಯುವವರೆಗೂ ತಾಯಿ ಕಿವಿಯಿಂದ ಕೈ ತೆಗೆಯಲಿಲ್ಲ. ಹೊರಗೆ ಬಂದು, ಬಸ್ಸು ಹತ್ತಿ, ಮನೆಯ ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ತಾಯಿ, "ಚೆನ್ನಾಗಿ ಬರ್ದಿದೀಯ. ನಾನೇ ಕೆಟ್ಟೆ. ಕಿವಿ ಹೋಯ್ತು," ಎಂದಳು.

ಒಳಗೆ ಹೋದವಳೇ ರೇಡಿಯೋ ಹಾಕಿದಳು. ಗ್ಯೋಕ್‌ಲಾನ್‌ಳ ಬೆಳಗಿನ ಕಾರ್ಯಕ್ರಮ ಮಧ್ಯಾಹ್ನ ಮತ್ತೆ ಬರುತ್ತಿತ್ತು. ಅವಳು ಎಂದಿನ ಹಾಗೆ ಮಂಡಿನೋವಿನ ಮಾತ್ರೆಯ ಗುಣಗಾನ ಮಾಡುತ್ತ, ಯಾರದೋ ಸೊಸೆಯನ್ನು ಬೈಯುತ್ತಿದ್ದಳು. ಬೊಂಗ್‌ಯೋ ದನಿ ತಗ್ಗಿಸಿದಳು. ಇನ್ನೂ ತಗ್ಗಿಸಿದಳು. ಆಮೇಲೆ ಕೋಲೂರಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತಳು.

"ಇಲ್ಲಿಗೂ ಕೇಳಿಸ್ತದೆ," ಎಂದಳು. ಅವಳ ಮುಖದಲ್ಲಿ ಸಮಾಧಾನ ಮೂಡಿ, ಕೂಡಲೇ ಹೋಯಿತು. "ಸೊಸೆ ಹೆಸ್ರೂ ಕೇಳಿಸ್ತದೆ. ಮತ್ತೆ ಅಲ್ಲಿ ಯಾಕೆ ಕೇಳಿಸ್ಲಿಲ್ಲ, ಆಹುನ್?"

ಬಿಯುನ್ ಬಾಗಿಲ ಬಳಿ ಬಗ್ಗಿ ತಾಯಿಯ ಚಪ್ಪಲಿಗಳನ್ನು ಜೋಡಿಸುತ್ತಿದ್ದಳು. ಜೋಡಿಸಿದ್ದನ್ನೇ ತೆಗೆದು ಮತ್ತೆ ಜೋಡಿಸಿದಳು.